ನಿಂತ ಗಾಡಿಯ ಉಸಿರು

ಘಟ್ಟದ ಮೇಲಿನ ಹಳ್ಳಿಗಳಲ್ಲಿ ಹಳೆಯ ಮೋಟಾರ್ ಸೈಕಲ್ ಎಂಬುದು ಷೋಕಿಯ ವಸ್ತುವಲ್ಲ. ಹೆತ್ತೂರು, ವಣಗೂರು ದಾಟಿ ಬಿಸಿಲೆಯ ಕಡೆಗೆ ಬಂದಂತೆಲ್ಲ ಬಸ್ಸಿನ ಓಡಾಟ ವಿರಳವಾಗುತ್ತದೆ. ಗೊಬ್ಬರದ ಚೀಲ, ಹಾಲಿನ ಕ್ಯಾನು, ಶಾಲೆಗೆ ತಡವಾದ ಮಗು, ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ, ಇವರೆಲ್ಲರ ಭಾರವನ್ನು ಹೊರುವುದು ಅಂಗಳದಲ್ಲಿ ನಿಂತ ಆ ಹಳೆಯ ಗಾಡಿಯೇ. ಆದುದರಿಂದ ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿರೆಂದು ಉಪದೇಶಿಸುವುದು ನಮ್ಮ ಪತ್ರಿಕೆಗೆ ಒಪ್ಪುವ ಮಾತಲ್ಲ. ಹಾಗೆಂದು, ನನ್ನ ಒಂದು ಗಾಡಿಯ ಹೊಗೆಯಿಂದ ಇಷ್ಟು ದೊಡ್ಡ ಕಾಡಿಗೇನಾದೀತು ಎಂಬ ಉದಾಸೀನವನ್ನೂ ನಾವು ಒಪ್ಪಲಾರೆವು. ಇವೆರಡರ ನಡುವೆ ಒಂದು ದಾರಿಯಿದೆ. ಅದು ಗಾಡಿಯ ಐಡ್ಲಿಂಗ್ ಸರಿಪಡಿಸುವುದರಿಂದ ಆರಂಭವಾಗುತ್ತದೆ.

ಆಕ್ಸಿಲರೇಟರ್ ತಿರುಗಿಸದೆ ಬಿಟ್ಟಾಗ ಎಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಿರುವ ಸ್ಥಿತಿಯೇ ಐಡ್ಲಿಂಗ್. ಆಗ ಕಾರ್ಬೊರೇಟರಿನ ದೊಡ್ಡ ದಾರಿ ಬಹುಪಾಲು ಮುಚ್ಚಿರುತ್ತದೆ. ಕೂದಲೆಳೆಯಷ್ಟು ಸಣ್ಣ ರಂಧ್ರವೊಂದರ ಮೂಲಕ ಪೆಟ್ರೋಲ್ ಬರುತ್ತದೆ, ಅದಕ್ಕೆ ತಕ್ಕಷ್ಟು ಗಾಳಿ ಬೆರೆಯುತ್ತದೆ. ಪೆಟ್ರೋಲ್ ಹೆಚ್ಚಾದರೆ ಅದು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಹೊರಬರುತ್ತದೆ. ಗಾಳಿ ಹೆಚ್ಚಾದರೆ ಕಿಡಿ ಹಾರಿದರೂ ಬೆಂಕಿ ಹಿಡಿಯದೆ ಹಸಿ ಪೆಟ್ರೋಲೇ ಆವಿಯಾಗಿ ಸೈಲೆನ್ಸರಿನಿಂದ ಹೊರಡುತ್ತದೆ. ಎರಡರಲ್ಲೂ ನಷ್ಟ ನಮ್ಮ ಜೇಬಿಗೆ, ನಮ್ಮ ಉಸಿರಿಗೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ತನ್ನದೇ ಆದ ಒಂದು ಚರಿತ್ರೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಹಾಗೂ ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು, ಆ ಆಯಿಲೇ ಎಂಜಿನ್ನಿನ ಒಳಭಾಗಕ್ಕೆ ಜಿಡ್ಡಾಗಿ ಒದಗಬೇಕು. ಕಟ್ಟು ಸರಳ, ಬಾಳಿಕೆ ದೀರ್ಘ. ಆದರೆ ಈ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವುದೂ ಸುಟ್ಟ ಹೊಗೆ ಹೊರಹೋಗುವುದೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ನಡೆಯುವುದರಿಂದ, ಒಳಬಂದ ಪೆಟ್ರೋಲಿನ ಒಂದು ದೊಡ್ಡ ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಟುಹೋಗುತ್ತದೆ. ಕಟ್ಟಿನಲ್ಲೇ ಇರುವ ಈ ದೋಷವನ್ನು ಯಾವ ಸ್ಕ್ರೂ ತಿರುಗಿಸಿದರೂ ಪೂರ್ತಿ ನಿವಾರಿಸಲಾಗದು. ಆದರೆ ಸರಿಯಿಲ್ಲದ ಐಡ್ಲಿಂಗ್ ಅದನ್ನು ಇಮ್ಮಡಿಗೊಳಿಸದಂತೆ ತಡೆಯುವುದು ಮಾತ್ರ ಖಂಡಿತ ನಮ್ಮ ಕೈಯಲ್ಲಿದೆ.

ಬಯಲುಸೀಮೆಯವರಿಗಿಲ್ಲದ ಎರಡು ಕಾರಣಗಳಿಂದಾಗಿ ಇದು ಘಟ್ಟದವರಾದ ನಮಗೆ ಹೆಚ್ಚು ಮುಖ್ಯ.

ಮೊದಲನೆಯದು ಎತ್ತರ. ಸಕಲೇಶಪುರದ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಈ ಎತ್ತರದಲ್ಲಿ ಗಾಳಿ ಕರಾವಳಿಯದಕ್ಕಿಂತ ಶೇ 8ರಷ್ಟಾದರೂ ತೆಳುವಾಗಿರುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಸರಿಯಾಗಿ ಟ್ಯೂನ್ ಮಾಡಿಸಿದ ಗಾಡಿ ಘಟ್ಟ ಹತ್ತಿ ಬಂದ ಮೇಲೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಮಂಕಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಗಾಡಿಯನ್ನು ದಿನವೂ ಎಲ್ಲಿ ಓಡಿಸುತ್ತೇವೆಯೋ ಅಲ್ಲಿಯೇ ಟ್ಯೂನ್ ಮಾಡಬೇಕೆಂಬುದು ಇದರ ಪಾಠ.

ಎರಡನೆಯದು ಇಳಿಜಾರು. ಬಿಸಿಲೆಯಿಂದ ಕುಳ್ಕುಂದದ ಕಡೆಗೆ ಇಳಿಯುವಾಗ ಸವಾರನು ಆಕ್ಸಿಲರೇಟರ್ ಬಿಟ್ಟು ಗೇರಿನ ಹಿಡಿತದಲ್ಲೇ ಸಾಗುತ್ತಾನೆ. ಚಕ್ರಗಳು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತವೆ, ಆದರೆ ಒಳಗೆ ಬರುತ್ತಿರುವುದು ಐಡ್ಲಿಂಗಿನ ಸಣ್ಣ ರಂಧ್ರದ ಪೆಟ್ರೋಲ್ ಮಾತ್ರ. ಅಂದರೆ ಇಳಿಯುವ ಹಾದಿಯುದ್ದಕ್ಕೂ ನಡೆಯುವುದು ಐಡ್ಲಿಂಗಿನದೇ ರಾಜ್ಯಭಾರ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಕಡಿಮೆಯೆಂದರೆ ಆಯಿಲೂ ಕಡಿಮೆ. ಮಿಶ್ರಣವನ್ನು ತೀರಾ ತೆಳುವಾಗಿಸಿದ ಗಾಡಿಯ ಪಿಸ್ಟನ್ ಇಂತಹ ಇಳಿಜಾರಿನಲ್ಲಿಯೇ ಹಿಡಿದುಕೊಳ್ಳುವ ಸಂಭವ ಹೆಚ್ಚು. ಆದ್ದರಿಂದಲೇ ಅನುಭವಿ ಸವಾರರು ಇಳಿಯುವಾಗ ಆಗಾಗ ಆಕ್ಸಿಲರೇಟರನ್ನು ತುಸು ಕೊಟ್ಟು ಬಿಡುತ್ತಾರೆ. ಪೆಟ್ರೋಲ್ ಉಳಿಯಲೆಂದು ಎಂಜಿನ್ ನಿಲ್ಲಿಸಿ ಉರುಳಿಸಿಕೊಂಡು ಬರುವುದಂತೂ ಜೀವಕ್ಕೇ ಅಪಾಯ.

ಐಡ್ಲಿಂಗ್ ಸರಿಪಡಿಸುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದ್ದು. ಮೊದಲು ಏರ್ ಫಿಲ್ಟರ್ ಮತ್ತು ಪ್ಲಗ್ ಶುಚಿಯಾಗಿವೆಯೇ, ಪಾಯಿಂಟ್ ಇರುವ ಗಾಡಿಯಾದರೆ ಅದರ ಅಂತರ ಸರಿಯಿದೆಯೇ, ಕಾರ್ಬೊರೇಟರ್ ಕೂರುವ ಜಾಗದಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಬೇಕು. ಇವು ಕೆಟ್ಟಿರುವಾಗ ಸ್ಕ್ರೂ ತಿರುಗಿಸುವುದು ಜ್ವರದ ಕಾರಣ ಹುಡುಕದೆ ಒದ್ದೆ ಬಟ್ಟೆ ಹಾಕಿದಂತೆ. ಆಮೇಲೆ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿಯಾದ ಮೇಲೆ, ಚೋಕ್ ಪೂರ್ತಿ ಬಿಟ್ಟಿದೆಯೆಂದು ಖಚಿತಪಡಿಸಿಕೊಂಡು, ಬಯಲಿನಲ್ಲಿ ನಿಲ್ಲಿಸಬೇಕು. ಜಡಿಮಳೆಯೆಂದು ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲೋ ಗೋದಾಮಿನಲ್ಲೋ ಈ ಕೆಲಸವನ್ನು ಎಂದಿಗೂ ಮಾಡಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ತಿಳಿಯುವ ಹೊತ್ತಿಗೆ ಎದ್ದು ಹೊರಬರುವ ಶಕ್ತಿಯೇ ಇರದಿರಬಹುದು.

ಕಾರ್ಬೊರೇಟರಿನಲ್ಲಿ ಎರಡು ಸ್ಕ್ರೂಗಳಿರುತ್ತವೆ. ಒಂದು ವೇಗವನ್ನು ಹಿಡಿದಿಡುವ ಸ್ಲೋ ಸ್ಕ್ರೂ, ಇನ್ನೊಂದು ಮಿಶ್ರಣದ ಸ್ಕ್ರೂ. ಸ್ಲೋ ಸ್ಕ್ರೂವನ್ನು ತುಸು ಒಳಕ್ಕೆ ತಿರುಗಿಸಿ ವೇಗವನ್ನು ಸ್ವಲ್ಪ ಏರಿಸಬೇಕು. ಆನಂತರ ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸಿ, ಕೆಲವು ಕ್ಷಣ ಕಾದು, ಕಿವಿಗೊಡಬೇಕು. ಎಂಜಿನ್ ಅತ್ಯಂತ ಚುರುಕಾಗಿ, ಒಂದೇ ಸಮನೆ ಓಡುವ ಜಾಗ ಸಿಕ್ಕ ಮೇಲೆ, ಸ್ಲೋ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ವೇಗ ಇಳಿಸಬೇಕು. ಸ್ಪ್ಲೆಂಡರಿನಂಥ ಫೋರ್ ಸ್ಟ್ರೋಕ್ ಗಾಡಿಗೆ ನಿಮಿಷಕ್ಕೆ ಸುಮಾರು 1400 ಸುತ್ತು ಸರಿಯಾದ ವೇಗ. ಉಳಿದವಕ್ಕೆ ಅವುಗಳ ಕೈಪಿಡಿಯೇ ಪ್ರಮಾಣ. ಒಂದು ಎಚ್ಚರಿಕೆ: ಸ್ಕ್ರೂ ಫಿಲ್ಟರಿನ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯದು, ಒಳಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ನಿನ ಕಡೆಗಿದ್ದರೆ ಅದು ಪೆಟ್ರೋಲಿನದು, ಪರಿಣಾಮ ತಿರುವುಮುರುವು. ಕೊನೆಗೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ವೇಗ ಬದಲಾಗಬಾರದು. ಬದಲಾದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ.

ಇತ್ತೀಚಿನ ಇನ್ನೊಂದು ಬದಲಾವಣೆಯನ್ನು ಓದುಗರು ಗಮನಿಸಬೇಕು. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎತ್ತರ ಒಂದು ಕಡೆಗೆ ಎಳೆದರೆ ಎಥೆನಾಲ್ ಇನ್ನೊಂದು ಕಡೆಗೆ ಎಳೆಯುತ್ತದೆ. ಹತ್ತು ವರ್ಷದ ಹಿಂದೆ ಇಟ್ಟ ಸ್ಕ್ರೂ ಇಂದಿಗೂ ಸರಿಯಿದ್ದೀತೆಂದು ನಂಬುವಂತಿಲ್ಲ. ಎಥೆನಾಲ್ ನೀರನ್ನು ಹೀರುತ್ತದೆ ಎಂಬುದೂ ನಮ್ಮ ಮಳೆಗಾಲಕ್ಕೆ ಚಿಂತೆಯ ವಿಷಯ. ವಾರಗಟ್ಟಲೆ ಗಾಡಿ ನಿಲ್ಲಿಸುವವರು ಕಾರ್ಬೊರೇಟರಿನ ಬಟ್ಟಲಿನ ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿಡಬೇಕು, ನೆಲಕ್ಕೆ ಸುರಿಯಬಾರದು.

ಏಕೆಂದರೆ ನಮ್ಮ ನೆಲ ಸಾಮಾನ್ಯ ನೆಲವಲ್ಲ. ಬಿಸಿಲೆಯ ಸುತ್ತಲಿನ ದಿಣ್ಣೆಗಳು ಮಳೆಯನ್ನು ಎರಡು ಪಾಲು ಮಾಡುತ್ತವೆ. ಒಂದು ಮಗ್ಗುಲಿಗೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನ ಹನಿ ಹೇಮಾವತಿಗೆ ಇಳಿದು ಕಾವೇರಿಯ ಮೂಲಕ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಅಂಗಳದಲ್ಲಿ ಚೆಲ್ಲಿದ ಒಂದು ಲೋಟ ಆಯಿಲ್ ಯಾವ ನದಿಯ ಪಾಲಾಗಬೇಕೆಂಬುದನ್ನು ಇಳಿಜಾರು ನಿರ್ಧರಿಸುತ್ತದೆ; ಚೆಲ್ಲದಿರುವುದನ್ನು ಮಾತ್ರ ನಾವು ನಿರ್ಧರಿಸಬಲ್ಲೆವು.

ಇನ್ನು ಎಮಿಷನ್ ಟೆಸ್ಟಿನ ಮಾತು. ಹಳೆಯ ದ್ವಿಚಕ್ರ ವಾಹನಗಳನ್ನು ಈ ತಪಾಸಣೆಯಲ್ಲಿ ಅಳೆಯುವುದೇ ಐಡ್ಲಿಂಗಿನಲ್ಲಿ. 2004ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 4.5ನ್ನೂ ಹೈಡ್ರೋಕಾರ್ಬನ್ 9000 ಪಿಪಿಎಂ ಪ್ರಮಾಣವನ್ನೂ ಮೀರುವಂತಿಲ್ಲ. ಆಮೇಲಿನವಕ್ಕೆ ಮಿತಿ ಇನ್ನೂ ಬಿಗಿ. ಸರ್ಟಿಫಿಕೇಟಿಗಾಗಿ ಒಂದು ದಿನ ಸ್ಕ್ರೂ ತಿರುಗಿಸಿ, ಚೀಟಿ ಕೈಗೆ ಬಂದೊಡನೆ ಮತ್ತೆ ಹಿಂದಕ್ಕೆ ತಿರುಗಿಸುವ ಜಾಣತನ ಎಲ್ಲರಿಗೂ ಗೊತ್ತಿರುವುದೇ. ಇದರಿಂದ ಮೋಸ ಹೋಗುವುದು ಸರ್ಕಾರವಲ್ಲ. ಹಿಂದೆ ಕುಳಿತು ಆ ಹೊಗೆ ಕುಡಿಯುವ ನಮ್ಮದೇ ಮಕ್ಕಳು. ಚೀಟಿಗಾಗಿ ತೀರಾ ತೆಳುವಾಗಿಸಿದ ಟೂ ಸ್ಟ್ರೋಕ್ ಗಾಡಿ ಎಂಜಿನ್ನನ್ನೂ ಬಲಿ ಕೊಟ್ಟೀತು. ಸರಿಯಾದ ಟ್ಯೂನಿಂಗ್ ಪರೀಕ್ಷೆಯ ದಿನಕ್ಕೂ ಮರುದಿನಕ್ಕೂ ಒಂದೇ ಆಗಿರಬೇಕು.

2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಕಾರ್ಬೊರೇಟರ್ ಮರೆಯಾಗಿ, ಐಡ್ಲಿಂಗನ್ನು ಸಣ್ಣ ಕಂಪ್ಯೂಟರೇ ನೋಡಿಕೊಳ್ಳುತ್ತಿದೆ. ಅದು ಒಳ್ಳೆಯ ಬೆಳವಣಿಗೆಯೇ. ಆದರೆ ಹೊಸ ಗಾಡಿ ಕೊಳ್ಳಲಾಗದವರ ಹಳೆಯ ಗಾಡಿಗಳು ಇನ್ನೂ ಬಹುಕಾಲ ನಮ್ಮ ರಸ್ತೆಗಳಲ್ಲಿರುತ್ತವೆ. ಅವುಗಳ ಸದ್ದನ್ನು ಕೇಳಿ ರೋಗ ಹೇಳಬಲ್ಲ ಮೆಕ್ಯಾನಿಕ್‌ಗಳ ಸಂಖ್ಯೆ ಮಾತ್ರ ಕುಗ್ಗುತ್ತದೆ. ಆ ಕಿವಿ ಯಾವ ಪುಸ್ತಕದಲ್ಲೂ ಸಿಗದು, ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಆದುದರಿಂದ ನಮ್ಮದೊಂದು ಸಲಹೆ. ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮುನ್ನ ಒಮ್ಮೆ, ಕಾಫಿ ಕೊಯ್ಲಿಗೆ ಮುನ್ನ ಒಮ್ಮೆ, ಊರಿನ ಗಾಡಿಗಳೆಲ್ಲ ಒಂದೆಡೆ ಸೇರಲಿ. ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಅವರ ದಿನದ ಸಂಪಾದನೆಗೆ ಕುಂದಾಗದಂತೆ ಎಲ್ಲರೂ ಕೂಡಿ ಸಂಭಾವನೆ ಕೊಡೋಣ. ವಿದ್ಯಾರ್ಥಿಗಳು ಪಕ್ಕದಲ್ಲಿ ಪುಸ್ತಕ ಹಿಡಿದು ಕೂರಲಿ: ಯಾವ ಗಾಡಿ, ಸ್ಕ್ರೂ ಎಷ್ಟು ಸುತ್ತು, ಪ್ಲಗ್ಗಿನ ಬಣ್ಣ ಹೇಗಿತ್ತು, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿತ್ತು, ಆಮೇಲೆ ಎಷ್ಟು ಕೊಟ್ಟಿತು. ಎರಡು ವರ್ಷ ಹೀಗೆ ಬರೆದಿಟ್ಟರೆ ನಮ್ಮ ಎತ್ತರಕ್ಕೆ, ನಮ್ಮ ಮಳೆಗೆ ಹೊಂದುವ ಲೆಕ್ಕ ನಮ್ಮ ಕೈಯಲ್ಲಿರುತ್ತದೆ.

ಎಷ್ಟೇ ಚೆನ್ನಾಗಿ ಟ್ಯೂನ್ ಆದ ಗಾಡಿಯೂ ನಿಂತಲ್ಲಿ ಓಡುತ್ತಿದ್ದರೆ ಸುಡುವುದು ವ್ಯರ್ಥ ಪೆಟ್ರೋಲನ್ನೇ. ಬಿಸಿಲೆಯ ನೋಟದ ತಾಣದಲ್ಲಿ ಕುಮಾರಪರ್ವತವನ್ನು ನೋಡಲು ನಿಂತವರಿಗೂ, ಅಂಗಡಿಯ ಮುಂದೆ ಮಾತಿಗೆ ನಿಂತವರಿಗೂ ನಮ್ಮ ವಿನಂತಿ ಒಂದೇ. ಮಾತು ಒಂದು ನಿಮಿಷ ಮೀರುವಂತಿದ್ದರೆ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ.