ದೋಣಿಮಲೈ: ಅದಿರಿನ ಊರು, ದೇವರ ನೆರೆ

ಹಂಪೆಯ ವಿರೂಪಾಕ್ಷನ ದರ್ಶನಕ್ಕೆಂದು ಹೊಸಪೇಟೆಗೆ ಬರುವ ಭಕ್ತಕುಟುಂಬಗಳಲ್ಲಿ ಬಹುತೇಕವು ತುಂಗಭದ್ರಾ ಜಲಾಶಯವನ್ನು ನೋಡಿಕೊಂಡು ಹಿಂದಿರುಗುತ್ತವೆ. ದಕ್ಷಿಣಕ್ಕೆ ಕಾಣುವ ಬೆಟ್ಟಗಳ ಸಾಲಿನಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ. ಸಂಡೂರು ಇರುವುದು ಆ ಬೆಟ್ಟಗಳ ನಡುವೆ. ದೋಣಿಮಲೈ ಆ ತಾಲ್ಲೂಕಿನ ಒಂದು ಊರು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪೆಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಜಿಲ್ಲೆ ಬೇರೆಯಾದರೂ ಈ ನಾಡಿನ ಚರಿತ್ರೆ ಒಂದೇ.

ದೋಣಿಮಲೈ ಪುರಾತನ ಕ್ಷೇತ್ರವಲ್ಲ. 1958ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಆರಂಭಿಸಿತು. ಕಾರ್ಮಿಕರಿಗಾಗಿ ಮನೆಗಳು, ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯ ಉಂಟಾದವು. ನಾನಾ ಪ್ರಾಂತ್ಯಗಳಿಂದ ಬಂದವರು ನೆರೆಹೊರೆಯವರಾದರು. ಇಲ್ಲಿಯ ಅದಿರು ಚೆನ್ನೈ ಬಂದರಿನ ಮೂಲಕ ಜಪಾನಿನವರೆಗೆ ಹೋಯಿತು. ಹಗಲಿರುಳು ಪಾಳಿಯ ಮೇಲೆ ದುಡಿಯುವ ಈ ಜನರ ಶ್ರಮವನ್ನು ಕಾಯಕವೆಂದು ಗೌರವಿಸದೆ ಈ ಊರನ್ನು ಕುರಿತು ಮಾತನಾಡಲಾಗದು.

ದೋಣಿಮಲೈಯಿಂದ ಸಂಡೂರಿನ ಕಡೆಗೆ ಹೊರಟವರು ಅವಶ್ಯವಾಗಿ ನೋಡಬೇಕಾದುದು ಕುಮಾರಸ್ವಾಮಿ ಬೆಟ್ಟ. ಕಾಡಿನ ನಡುವೆ ತಾಯಿ ಪಾರ್ವತಿಯ ಗುಡಿಯೂ ಮಗ ಕುಮಾರಸ್ವಾಮಿಯ ಗುಡಿಯೂ ಸಮೀಪದಲ್ಲಿಯೇ ಇವೆ. ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದಷ್ಟು ಹಳೆಯದು. ವಿಜಯನಗರ ಸ್ಥಾಪನೆಯಾಗುವುದಕ್ಕೆ ಐದಾರು ಶತಮಾನಗಳ ಮುನ್ನವೇ ಇಲ್ಲಿ ದೀಪ ಬೆಳಗುತ್ತಿತ್ತು. ಸಂಡೂರು ಆಗ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಕಾಲದಲ್ಲಿ, 1932ರಲ್ಲಿ, ಅಲ್ಲಿಯ ಅರಸರು ಈ ದೇವಾಲಯದ ಬಾಗಿಲನ್ನು ಅಸ್ಪೃಶ್ಯರೆನಿಸಿದ್ದವರಿಗೂ ತೆರೆದರು. ಗಾಂಧೀಜಿ ಈ ಕಾರ್ಯವನ್ನು ಮೆಚ್ಚಿದರು. 1934ರಲ್ಲಿ ಸ್ವತಃ ಸಂಡೂರಿಗೆ ಬಂದರು. ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು.

ಸಂಡೂರಿನಲ್ಲಿ ಕುಶಲಕಲಾ ಕೇಂದ್ರವಿದೆ. ಲಂಬಾಣಿ ತಾಯಂದಿರು ಬಟ್ಟೆಯ ತುಂಡುಗಳಿಗೆ ಕನ್ನಡಿ, ಕವಡೆಗಳನ್ನು ಸೇರಿಸಿ ಹಾಕುವ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. 2023ರಲ್ಲಿ ಹಂಪೆಯಲ್ಲಿ ಜಿ–20 ಸಭೆ ನಡೆದಾಗ ಇವರು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸೂಜಿದಾರದಿಂದ ಬದುಕು ಕಟ್ಟಿಕೊಂಡ ಈ ಮನೆಗಳನ್ನು ನಮ್ಮ ಹೆಣ್ಣುಮಕ್ಕಳು ಒಮ್ಮೆಯಾದರೂ ನೋಡಬೇಕು. ಹಂಪೆಗೆ ಮರಳುವ ದಾರಿಯಲ್ಲಿ, 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವೂ ಉಂಟು.

ಇಷ್ಟೆಲ್ಲವನ್ನೂ ನೋಡಿದ ಮೇಲೆ ವಿವೇಕಿಗೆ ಒಂದು ಪ್ರಶ್ನೆ ಏಳುತ್ತದೆ: ಬೆಟ್ಟದಿಂದ ಎಷ್ಟನ್ನು ಪಡೆಯಬಹುದು? ಈ ನೆಲದ ಕಬ್ಬಿಣ ಇಂದು ನಿನ್ನೆಯದಲ್ಲ. ಹಿಂದೆ ಇಲ್ಲಿಯ ಜನ ಅದಿರನ್ನು ಕರಗಿಸಿ ಉಪಕರಣಗಳನ್ನು ಮಾಡಿಕೊಳ್ಳುತ್ತಿದ್ದರು. ಹಂಪೆಯ ಬಳಿಯ ಕಮಲಾಪುರ ಬೆಲ್ಲ ಕಾಯಿಸುವ ಕೊಪ್ಪರಿಗೆಗಳಿಗೆ ಹೆಸರಾಗಿತ್ತು. ಅದು ಅವಶ್ಯಕತೆಯ ಮಿತಿಯೊಳಗಿನ ಬಳಕೆ. ಈ ಶತಮಾನದ ಮೊದಲ ದಶಕದಲ್ಲಿ ಮಿತಿ ಮುರಿಯಿತು. ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ವರದಿ ಸಲ್ಲಿಸಿದರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಗಳ ಅಗತ್ಯಕ್ಕಾಗಿ ನಿಗಮಕ್ಕೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ನಿನ ಮಿತಿಯಲ್ಲಿ ಅನುಮತಿ ದೊರೆಯಿತು. ಮುಂದೆ 2018ರ ನವೆಂಬರಿನಲ್ಲಿ ಗುತ್ತಿಗೆಯ ನವೀಕರಣ ಕುರಿತು ರಾಜ್ಯ ಸರ್ಕಾರಕ್ಕೂ ನಿಗಮಕ್ಕೂ ಒಮ್ಮತವಾಗದೆ ದೋಣಿಮಲೈ ಗಣಿಯೇ ನಿಂತಿತು. ಪುನಃ ಆರಂಭವಾದುದು 2021ರ ಫೆಬ್ರವರಿಯಲ್ಲಿ. ಒಂದೇ ವಸ್ತುವನ್ನು ನಂಬಿದ ಊರಿನ ಬದುಕು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಗಣಿಯೇ ಬೇಡವೆನ್ನುವುದು ಸುಲಭ. ಆದರೆ ನಮ್ಮ ನೇಗಿಲ ಕುಳದಿಂದ ಮನೆಯ ಕಂಬಿಯವರೆಗೆ ಎಲ್ಲವೂ ಅದಿರಿನಿಂದಲೇ ಬಂದುದು. ಮಿತಿಯಿಲ್ಲದೆ ಅಗೆಯುವುದೂ ಸಲ್ಲದು. ಅಗೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ಅಕ್ಕಿಗೆ ಅನ್ವಯಿಸುವ ಆ ನೀತಿ ಅದಿರಿಗೂ ಅನ್ವಯಿಸಬೇಡವೇ?

ಮುಂಗಾರಿನ ಕೊನೆಗೆ, ಆಗಸ್ಟ್–ಸೆಪ್ಟೆಂಬರಿನಲ್ಲಿ, ಸಂಡೂರಿನ ಬೆಟ್ಟಗಳು ಹಸಿರುಟ್ಟು ನಿಲ್ಲುತ್ತವೆ. ಆ ದಿನಗಳಲ್ಲಿ ಹಂಪೆಗೆ ಬರುವ ಬಂಧುಗಳು ಒಂದು ದಿನವನ್ನು ಈ ಕಡೆಗೂ ಮೀಸಲಿಡಲಿ. ಮಕ್ಕಳಿಗೆ ಗುಡಿಯನ್ನೂ ತೋರಿಸಲಿ, ದೂರದಿಂದ ಗಣಿಯ ಮೆಟ್ಟಿಲುಗಳನ್ನೂ ತೋರಿಸಲಿ. ಸಾವಿರಾರು ವರುಷ ಉಳಿದುದು ಯಾವುದು, ಐವತ್ತು ವರುಷಗಳಲ್ಲಿ ಕರಗಿದುದು ಯಾವುದು ಎಂಬುದನ್ನು ಅವರು ಕಣ್ಣಾರೆ ಕಂಡು ತಿಳಿಯಲಿ.