ಇಟಲಿಯ ಸೂಪು, ಊರಿನ ಅವರೆ

ಸಂಕ್ರಾಂತಿ ಹತ್ತಿರ ಬಂತು ಅಂದ್ರೆ ಚೆನ್ನೈನಲ್ಲಿರೋ ನಮ್ಮಂಥ ಕನ್ನಡದವರದ್ದು ಒಂದೇ ಗೋಳು: ಇಲ್ಲಿ ಸೊಗಡಿನ ಅವರೆಕಾಯಿ ಸಿಗಲ್ಲ! ಪೊಂಗಲ್ ಹೊತ್ತಿಗೆ ಮಾಂಬಲಂ ಮಾರ್ಕೆಟ್ಟಿಗೆ ಬರೋ ‘ಮೊಚ್ಚೈ’ ಕೂಡ ಅವರೆ ಜಾತಿಯದ್ದೇ. ಆದರೂ ಮೂವತ್ತು ವರ್ಷದಿಂದ ಬೆಂಗಳೂರಿಂದ ಬರುವವರ ಕೈಲಿ ಒಂದು ಚೀಲ ತರಿಸೋದು ನನ್ನ ಹಠ.

ಈ ಸಲ ಮಗಳು ಕೇಳಿದಳು. “ಅಪ್ಪ, ಒಂದು ಪಾವು ಕಾಳು ಕೊಡು, ಪಾಸ್ತಾ ಎ ಫಜೋಲಿ ಮಾಡ್ತೀನಿ.” ಊರಿನ ಅವರೆಯನ್ನ ಇಟಲಿ ಸೂಪಿಗೆ ಹಾಕೋದಾ? ಕೊಡಲಿಲ್ಲ. ಅವಳು ಮರುಮಾತಾಡದೆ ಅಂಗಡಿಯಿಂದ ರಾಜ್ಮಾ ತಂದು ರಾತ್ರಿ ನೆನೆಹಾಕಿದಳು.

ಬೆಳಿಗ್ಗೆ ಪೇಪರ್ ಓದೋ ನೆಪದಲ್ಲಿ ನೋಡ್ತಾ ಕೂತೆ. ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಕುಕ್ಕರ್‌ಗಿಟ್ಟಳು. (ಹಸಿ ರಾಜ್ಮಾದಲ್ಲಿ ವಿಷದ ಅಂಶ ಇರುತ್ತೆ, ಅರೆಬೆಂದರೆ ಹೊಟ್ಟೆ ಕೆಡುತ್ತೆ, ನೆನಪಿರಲಿ.) ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಬಾಡಿಸಿ 2 ಟೊಮೆಟೊ ಹಾಕಿದಳು. ಬೆಂದ ಕಾಳಲ್ಲಿ ಅರ್ಧ ಅರೆದು ಬೆರೆಸಿದಳು, ಗಟ್ಟಿಯಾಗಲಿ ಅಂತ. ಬಸ್ಸಾರಿಗೆ ಅಮ್ಮ ಒಂದು ಹಿಡಿ ಕಾಳು ರುಬ್ಬಿ ಹಾಕ್ತಿದ್ದರಲ್ಲ, ಅದೇ ಉಪಾಯ! ಕೊನೆಗೆ ಸಣ್ಣ ಪಾಸ್ತಾ ಅದರಲ್ಲೇ ಬೆಂದಿತು. ಪಾಸ್ತಾದ ಡ್ಯೂರಮ್ ಗೋಧಿಯೂ ನಮ್ಮ ಬನ್ಸಿ ರವೆಯ ಗೋಧಿಯೂ ಒಂದೇ ಜಾತಿ.

ಇಟಲಿಯಲ್ಲೂ ಇದು ದೊಡ್ಡ ಹೋಟೆಲಿನ ತಿಂಡಿ ಆಗಿರಲಿಲ್ಲ, ಮಾಂಸ ಕೊಳ್ಳಲಾಗದ ರೈತರ ಊಟ. ಅವರ ಟೊಮೆಟೊ, ರಾಜ್ಮಾ ಜಾತಿಯ ಕಾಳು ಎರಡೂ 1492ರ ನಂತರ ಅಮೆರಿಕ ಖಂಡದಿಂದ ಬಂದವು. ನಮ್ಮ ಸಾರಿನ ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು. ಇಷ್ಟಿದ್ದೂ ನಾನು ‘ಶುದ್ಧ ನಮ್ಮದು’ ಅಂತ ಚೀಲ ಕಾಯ್ತಾ ಕೂತಿದ್ದೆ.

ಹಲ್ಲು ಹೋದ ಮೇಲೆ ಅಮ್ಮನಿಗೆ ಊಟ ಸೇರೋದೇ ಕಡಿಮೆ. ಅವತ್ತು ಒಂದು ಬಟ್ಟಲು ಕುಡಿದು, “ಶಾವಿಗೆ ಹಾಕಿದೀಯಾ ಪುಟ್ಟಿ? ಕಾಳು ಬೆಣ್ಣೆ ಹಾಗೆ ಬೆಂದಿದೆ, ಇನ್ನೊಂದು ಸೌಟು ಹಾಕು” ಅಂದರು.

ನನ್ನ ಅವರೆ? ಸುಲಿಯೋರಿಲ್ಲದೆ ಚೀಲದಲ್ಲೇ ಅರ್ಧ ಬೂಸ್ಟು ಹಿಡಿದಿತ್ತು.

ಮಕ್ಕಳಿಗೆ ನಮ್ಮ ಅಡುಗೆ ಬರಲ್ಲ ಅಂತ ಹೊರನಾಡಿನ ನಾವು ದೂರ್ತೀವಿ. ಆದರೆ ಅವರು ಒಲೆ ಹಚ್ಚಿದಾಗ, ಇದು ನಮ್ಮದಲ್ಲ ಅಂತ ತಡೆಯೋರೂ ನಾವೇ. ರಾತ್ರಿ ನೆನಪಿಟ್ಟು ಕಾಳು ನೆನೆಹಾಕೋದು, ಹಲ್ಲಿಲ್ಲದವರಿಗೂ ಆಗಲಿ ಅಂತ ಮೆತ್ತಗೆ ಬೇಯಿಸೋದು ಅವಳಿಗೆ ಬಂದಿದೆ. ಅದನ್ನು ಅಮ್ಮನ ಅಡುಗೆಮನೆಯಲ್ಲೇ ಕಲಿತಿರಬೇಕು, ನಾನು ಗಮನಿಸಿರಲಿಲ್ಲ ಅಷ್ಟೆ.

ಮುಂದಿನ ತಿಂಗಳು ಅವಳು ಕೆಲಸಕ್ಕೆ ಪುಣೆಗೆ ಹೊರಡ್ತಾಳೆ. ಚೆನ್ನಾಗಿದ್ದ ಕಾಳು ಆರಿಸಿ ಇವತ್ತು ನಾನೇ ನೆನೆಹಾಕಿದ್ದೀನಿ. ನಾಳೆ ಹಿತುಕಿ, ಬೇಳೆ ಅವಳ ಕೈಗೆ ಕೊಡ್ತೀನಿ, ಸೂಪಿಗೆ. ಹೇಗಿರುತ್ತೋ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದ್ರೂ ಮಾಡಿ ನೋಡಿದ್ದೀರಾ?