‘ಸಸ್ಪೆನ್ಷನ್ ಮುಟ್ಟಬೇಡಿ’ ಎನ್ನುವವರಿಗೆ

ಬೆಂಗಳೂರಿನ ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ದಿನವೂ ಓಡಾಡುವ ಥಾರ್, ಸ್ಕಾರ್ಪಿಯೊದವರಿಗೆ ಗಾಡಿಯಡಿಯ ಟಕ್ ಟಕ್ ಸದ್ದು ಹೊಸದಲ್ಲ. ಸದ್ದು ಸಸ್ಪೆನ್ಷನ್ ಆರ್ಮ್‌ನದು ಎಂದು ಗೊತ್ತಾದೊಡನೆ ಸಿಗುವ ಸಲಹೆಯೂ ಒಂದೇ: ಆಯಿಲ್ ಬೇಕಾದರೆ ಮನೆಯಲ್ಲೇ ಬದಲಿಸಿ, ಇದನ್ನು ಮಾತ್ರ ಗ್ಯಾರೇಜಿಗೆ ಬಿಡಿ. ಹೇಳುವವರ ಕಾಳಜಿಯಲ್ಲಿ ಹುರುಳಿದೆ. ಚಕ್ರವನ್ನು ಚಾಸಿಗೆ ಹಿಡಿದಿಡುವುದೇ ಆರ್ಮ್. ಅದು ಕಳಚಿದರೆ ಸ್ಟೇರಿಂಗ್ ಕೈಯಲ್ಲಿದ್ದರೂ ಗಾಡಿ ಕೈಯಲ್ಲಿರುವುದಿಲ್ಲ. ಆದರೂ ಈ ಸಲಹೆಯನ್ನು ಇಡಿಯಾಗಿ ಒಪ್ಪಲು ನನಗೆ ಕಷ್ಟ.

ಕಾರಣ ಬುಶ್‌ನಲ್ಲಿದೆ. ಆರ್ಮ್‌ನ ತುದಿಯ ಬುಶ್ ಎಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಕೊಳವೆ, ನಡುವೆ ಅಂಟಿಕೊಂಡ ರಬ್ಬರು. ಬೋಲ್ಟ್ ಬಿಗಿದ ಮೇಲೆ ಒಳಗಿನ ಕೊಳವೆ ಬ್ರಾಕೆಟ್ಟನ್ನು ಕಚ್ಚಿಕೊಳ್ಳುತ್ತದೆ, ತಿರುಗುವುದಿಲ್ಲ. ಚಕ್ರ ಏರಿಳಿದಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಗಾಡಿಯನ್ನು ಲಿಫ್ಟಿಗೇರಿಸಿ, ಚಕ್ರಗಳು ಜೋತು ಬಿದ್ದಿರುವಾಗಲೇ ಇಂಪ್ಯಾಕ್ಟ್ ಗನ್ನಿನಿಂದ ಬಿಗಿದುಬಿಟ್ಟರೆ, ಕೆಳಗಿಳಿಸಿದ ಗಳಿಗೆಯಿಂದಲೇ ಆ ರಬ್ಬರು ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತದೆ. ಗಾಡಿ ಸುಮ್ಮನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಬೇಗನೆ ಸೀಳುತ್ತದೆ. ಆಗ ನಾವು ಬೈಯುವುದು ರಸ್ತೆಗುಂಡಿಯನ್ನು. ಗುಂಡಿಯ ಪಾಲು ಇದೆ, ಎಲ್ಲ ಪಾಪವೂ ಅದರದ್ದಲ್ಲ.

ಹಾಗಾಗಿ ಕೊನೆಯ ಬಿಗಿತ ನಾಲ್ಕೂ ಚಕ್ರ ನೆಲದ ಮೇಲಿದ್ದು, ಗಾಡಿಯ ಪೂರ್ತಿ ಭಾರ ಅವುಗಳ ಮೇಲೆ ಕೂತಾಗ ಆಗಬೇಕು. ಒಳ್ಳೆಯ ಗ್ಯಾರೇಜು ಹಾಗೇ ಮಾಡುತ್ತದೆ. ಸಾಲುಗಟ್ಟಿದ ಗಾಡಿಗಳ ನಡುವೆ ಲಿಫ್ಟ್ ಇಳಿಸಿ ಮತ್ತೆ ಅಡಿಗೆ ನುಸುಳುವ ವ್ಯವಧಾನ ಎಲ್ಲ ಕಡೆ ಇರುವುದಿಲ್ಲ. ಮನೆಯಲ್ಲಾದರೆ ಗಾಡಿ ಇರುವುದೇ ನೆಲದ ಮೇಲೆ.

2020ರ ಥಾರ್‌ನ ಹಿಂಬದಿಯನ್ನೇ ನೋಡಿ. ಗಟ್ಟಿ ಆಕ್ಸಲ್ಲನ್ನು ಹಲವು ಆರ್ಮ್‌ಗಳು ಹಿಡಿದಿವೆ. ಒಂದೊಂದಾಗಿ ಬಿಚ್ಚಿದರೆ ಉಳಿದವು ಆಕ್ಸಲ್ಲನ್ನು ಅದರ ಜಾಗದಲ್ಲೇ ಇಡುತ್ತವೆ. ನೆಲದಿಂದ 226 ಮಿಲಿಮೀಟರ್ ಎತ್ತರವಿರುವುದರಿಂದ ಕೈಯಾಡಿಸಲು ಜಾಗವೂ ಇದೆ. ಹಳೆಯದರ ಪಕ್ಕ ಹೊಸದನ್ನಿಟ್ಟು ಉದ್ದ ತಾಳೆ ನೋಡಿ, ಕೂರಿಸಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ‘ಮೇಸ್ತ್ರಿಯ ಕೈಗೇ ಗೊತ್ತಾಗುತ್ತೆ’ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಪಕ್ಕದ ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯಲ್ಲಿ ಕಾವೇರಿ ಜೆಟ್ ಎಂಜಿನ್ ರೂಪಿಸಿದವರು ಕೈ ಅಂದಾಜಿನ ಮೇಲೆ ಬೋಲ್ಟ್ ಬಿಗಿದಿರಲಾರರು.

ನನ್ನ ವಾದಕ್ಕೂ ಎಲ್ಲೆಯಿದೆ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಯ ಮುಂಬದಿಯಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಬಿಗುವಾಗಿ ಕೂತಿರುತ್ತದೆ. ಅದನ್ನು ಸಡಿಲಿಸದೆ ಆರ್ಮ್ ಬಿಚ್ಚುವುದು ಪ್ರಾಣಕ್ಕೆ ಕುತ್ತು. ಸ್ಪ್ರಿಂಗಿನ ಒತ್ತಡ ಹೊತ್ತ ಇಂಥ ಆರ್ಮ್‌ಗಳು ಗ್ಯಾರೇಜಿಗೇ ಹೋಗಲಿ. ಮುಂದಿನ ಆರ್ಮ್ ಬದಲಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್‌ಗಂತೂ ಹೋಗಲೇಬೇಕು. ಗಾಡಿ ಎತ್ತರಿಸಲೆಂದು ಉದ್ದದ ಆರ್ಮ್ ಹಾಕುವುದು ರಿಪೇರಿಯಲ್ಲ, ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ. ಇಳಿಜಾರಿನ ಕ್ರಾಸ್ ರಸ್ತೆ ಈ ಕೆಲಸಕ್ಕೆ ಜಾಗವಲ್ಲ, ಸಮತಟ್ಟಾದ ಕಾಂಕ್ರೀಟು ನೆಲವೇ ಬೇಕು. ಎತ್ತಲೇಬೇಕಾಗಿ ಬಂದರೆ ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಇರಬೇಕು. ಹಾಲೋ ಬ್ಲಾಕಿನ ಆಸರೆ ಕೊಡುವುದಂತೂ ಬೇಡವೇ ಬೇಡ. ಅದು ಪುಡಿಯಾಗುವ ಮುನ್ನ ಸೂಚನೆ ಕೊಡುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರು ಗ್ಯಾರೇಜಿಗೇ ಕೊಡಲಿ, ತಪ್ಪೇನಿಲ್ಲ. ಆದರೆ ಕೊಡುವ ಮುನ್ನ ಒಂದು ಮಾತು ಕೇಳಲಿ: ‘ಬುಶ್ ಬೋಲ್ಟನ್ನು ಕೊನೆಗೆ ಬಿಗಿಯುವುದು ಲಿಫ್ಟಿನ ಮೇಲೋ, ನೆಲದ ಮೇಲೋ?’ ಸುರಕ್ಷತೆಯನ್ನು ತೀರ್ಮಾನಿಸುವುದು ಅಂಗಡಿಯ ಬೋರ್ಡಲ್ಲ, ಈ ಪ್ರಶ್ನೆಗೆ ಸಿಗುವ ಉತ್ತರ.